ಮುರಕಲ್ಲಿನೊಳಗೆ ಪೆಟ್ರೋಲ್ ಹುಡುಕಿದ್ದು: ನನ್ನ ಅನುಭವ

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ ಮಾತ್ರ ಬಾವಿ ನೀರಿಗೆ ಪೆಟ್ರೋಲ್ ವಾಸನೆ. ಬೇಸಿಗೆಯಲ್ಲಿ ಏನೂ ಇಲ್ಲ. ಕಾಸರಗೋಡಿನ ಬದಿಯಡ್ಕ ಕಡೆ ಮುಚ್ಚಿಹೋದ ಒಂದು ಪೆಟ್ರೋಲ್ ಬಂಕಿನ ಕೆಳಗಿನ ಮನೆಯ ಅಕ್ಕ ನಾಲ್ಕು ವರ್ಷ ಇದನ್ನೇ ಹೇಳಿದರು. ಯಾರೂ ನಂಬಲಿಲ್ಲ. ಟ್ಯಾಂಕ್ ತೆಗೆದು ಆರು ವರ್ಷ ಆಗಿತ್ತಲ್ವಾ!

ಸೋರಿಕೆ ಹುಡುಕಲು ನನಗಿಂತ ಮೊದಲು ಬಂದವರು 200 ಅಡಿ ಬೋರ್ ಕೊರೆಸಿದರು. ಆ ನೀರನ್ನು ಲ್ಯಾಬಿಗೆ ಕಳಿಸಿ, ಶುದ್ಧ ಅಂತ ವರದಿ ಕೊಟ್ಟು ಹೋದರು. ಖರ್ಚು ಒಂದೂವರೆ ಲಕ್ಷದ ಹತ್ತಿರ. ನೀರಿನ ಮೇಲೆ ತೇಲುವ ಪೆಟ್ರೋಲನ್ನು ಕೇಸಿಂಗ್ ಪೈಪ್ ಹಾಕಿ ಹೊರಗಿಟ್ಟು, ಅಡಿಯ ಬಂಡೆಯ ನೀರು ತೆಗೆದರೆ ಸಿಗುವುದುಂಟಾ?

ಮುರಕಲ್ಲು (ತೂತುತೂತಾದ ಕೆಂಪು ಕಲ್ಲು) ಮುಗಿದು ಶೇಡಿ ಮಣ್ಣು (ಅದರ ಅಡಿಯ ಮೆತ್ತನೆಯ ಜೇಡಿ) ಶುರುವಾಗುವಲ್ಲಿ ನೋಡೋಣ, ಹತ್ತು ಮೀಟರ್ ಸಾಕು ಅಂದೆ. "ಅಷ್ಟು ಸಣ್ಣ ಗುಂಡಿಯಲ್ಲಿ ಏನು ಸಿಗ್ತದೆ ಮಾರಾಯರೇ?" ಅಂದರು ಜಾಗದ ಯಜಮಾನರು.

ಮೊದಲ ಸಲ ಸೋತೆ. ಏಪ್ರಿಲಿನಲ್ಲಿ ಮೆಷಿನ್ ತರಿಸಿ ಮೂರು ತೂತು ಕೊರೆಸಿದೆ. ಕಲ್ಲು ಬಿಸಿಯಾಗಿ ಆವಿ ಎಲ್ಲ ಹಾರಿಹೋಯಿತು. ಪೆಟ್ರೋಲಿನ ಆವಿ ಅಳೆಯುವ ಪಿಐಡಿ ಮೀಟರಿನಲ್ಲಿ ಐದೋ ಆರೋ ಬಂತು, ಅಷ್ಟೆ. 22 ಸಾವಿರ ಹೋಯಿತು. ಅದೇ ತೂತುಗಳಿಗೆ ಇಳಿಸಿದ ಪಿವಿಸಿ ಪೈಪಿನಲ್ಲಿ ನೀರು ಒಳಗೆ ಬರಲು ಕೆಳಗಿನ ಒಂದೂವರೆ ಮೀಟರಿಗೆ ಮಾತ್ರ ಸೀಳು ಹಾಕಿಸಿದ್ದೆ. ಜುಲೈಯಲ್ಲಿ ನೀರು ಸೀಳಿಗಿಂತ ನಾಲ್ಕು ಮೀಟರ್ ಮೇಲೆ ಬಂತು. ಪೆಟ್ರೋಲ್ ಒಳಗೆ ಬಾರದೆ ಪೈಪಿನ ಹೊರಗೇ ಉಳಿಯಿತು. ಮಳೆಯ ತೇವಕ್ಕೆ ಮೀಟರ್ ಬೇರೆ ಕಡಿಮೆ ತೋರಿಸುತ್ತಿತ್ತು.

ಎರಡನೇ ಸಲ ಮೆಷಿನ್ ಬಿಟ್ಟು ಬಾವಿ ತೋಡುವವರನ್ನೇ ಕರೆದೆ. ಕಲ್ಲು ಬಿಸಿಯಾಗದಂತೆ ಒಡೆಯುವ ಕ್ರಮ ನಮ್ಮೊಳಗೇ ಇರಲಿ, ಇಲ್ಲಿ ಬರೆಯುವುದಿಲ್ಲ. ಬೇಸಿಗೆಯ ನೀರಿನ ಮಟ್ಟದಿಂದ ಮಳೆಗಾಲದ ಮಟ್ಟದವರೆಗೆ, ಸುಮಾರು ಆರು ಮೀಟರ್ ಉದ್ದಕ್ಕೂ ಸೀಳು. ಮೇಲಿನ ನೀರು ಇಳಿಯದಂತೆ ಬೆಂಟೊನೈಟ್ ಜೇಡಿಯ ಮುಚ್ಚಳ. ಪ್ರತಿ ಅರ್ಧ ಮೀಟರಿಗೆ ಒಂದು ಜಿಪ್ ಚೀಲದಲ್ಲಿ ಮಣ್ಣು ಹಾಕಿ, ಹತ್ತು ನಿಮಿಷ ಬೆಚ್ಚಗೆ ಇಟ್ಟು ಮೀಟರ್ ಚುಚ್ಚಿದೆ. ಐದು ಮೀಟರಿನವರೆಗೆ ಏನೂ ಇಲ್ಲ. ಆರೂವರೆಯಲ್ಲಿ ಒಮ್ಮೆಲೇ 400 ದಾಟಿತು!

ಟ್ಯಾಂಕಿನ ಗುಂಡಿ ಶುದ್ಧವಾಗಿಯೇ ಇತ್ತು. ಸೋರಿದ್ದು ಪಂಪಿಗೆ ಹೋಗುವ ಪೈಪಿನ ಜಾಯಿಂಟ್. ಟ್ಯಾಂಕ್ ತೆಗೆದವರು ಪೈಪನ್ನು ನೆಲದಲ್ಲೇ ಬಿಟ್ಟಿದ್ದರು.

ನಡುವೆ ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಅಕ್ಕನ ಒಪ್ಪಿಗೆ ಕೇಳಿ, ಆಗಸ್ಟಿನಲ್ಲಿ 25 ಕಿಲೋ ಉಪ್ಪು ಕರಗಿಸಿ ಆ ಪೈಪ್ ಹೂತ ಸಾಲಿಗೆ ಸುರಿದೆ. ಆ ಬಾವಿಯ ನೀರನ್ನು ಅವರು ಕುಡಿಯುವುದು ಮೊದಲೇ ಬಿಟ್ಟಿದ್ದರು. ದಿನಾ ಬೆಳಿಗ್ಗೆ ಬಾವಿ ನೀರಿಗೆ ಟಿಡಿಎಸ್ ಮೀಟರ್ (ಕರಗಿದ ಲವಣ ಅಳೆಯುವುದು) ಅದ್ದಿದೆ. ನಲವತ್ತರ ಆಸುಪಾಸಿನಲ್ಲಿದ್ದದ್ದು ಆರನೇ ದಿನಕ್ಕೆ ಅರವತ್ತೈದು ಆಯಿತು. ಅರುವತ್ತು ಮೀಟರ್ ದೂರ! ಮುರಕಲ್ಲಿನ ತೂತುಗಳಲ್ಲಿ ನೀರು ಹೀಗೆ ಓಡುತ್ತದೆ. ಆಟಿಯಲ್ಲಿ ನೀರು ಏರಿ ಪೆಟ್ರೋಲ್ ಹಿಡಿದ ಕಲ್ಲನ್ನು ಮುಟ್ಟಿದಾಗ ವಾಸನೆ ಬಾವಿಗೆ ಬರುವುದೂ ಇದೇ ದಾರಿಯಲ್ಲಿ.

ಲ್ಯಾಬಿನ ಮೊದಲ ಎರಡು ಮಾದರಿ ದಂಡ. ಬಾಟಲಿಯಲ್ಲಿ ಗಾಳಿಗುಳ್ಳೆ ಇದ್ದದ್ದಕ್ಕೆ ವಾಪಸ್ ಬಂದವು. ಒಂದಕ್ಕೆ 4,500 ರೂಪಾಯಿ. ಮತ್ತೆ ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಅದೇ ರಾತ್ರಿ ರೈಲಿಗೆ ಹತ್ತಿಸಿದೆ. ಪೆಟ್ರೋಲಿನಲ್ಲಿರುವ ವಿಷವಸ್ತು ಬೆಂಜೀನ್ ಲೀಟರಿಗೆ 300 ಮೈಕ್ರೋಗ್ರಾಂ ಹತ್ತಿರ ಬಂತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10.

ಆದರೆ ಯಜಮಾನರು ನಂಬಿದ್ದು ಕಾಗದ ನೋಡಿ ಅಲ್ಲ. ಡಿಸೆಂಬರಿನಲ್ಲಿ ನೀರು ಇಳಿಯತೊಡಗಿತು. ಕಲ್ಲಿನಲ್ಲಿ ಸಿಕ್ಕಿಕೊಂಡ ಪೆಟ್ರೋಲ್ ಬಿಟ್ಟುಬರುವುದು ಆಗಲೇ. ಟ್ಯಾಂಕಿನ ಮಟ್ಟ ಅಳೆಯುವ ಬಂಕಿನ ಹಳೇ ಡಿಪ್ ಕೋಲಿಗೆ ಒಂದು ಬದಿ ಪೆಟ್ರೋಲ್ ತಾಗಿದರೆ ಬಣ್ಣ ಬದಲುವ ಪೇಸ್ಟ್, ಇನ್ನೊಂದು ಬದಿ ನೀರು ತಾಗಿದರೆ ಬಣ್ಣ ಬದಲುವ ಪೇಸ್ಟ್ ಸವರಿ ಅವರ ಕೈಯಲ್ಲೇ ಸೀಳಿನ ಪೈಪಿಗೆ ಇಳಿಸಿದೆ. ಎರಡು ಗೆರೆಗಳ ನಡುವೆ ಎರಡು ಬೆರಳು ಅಂತರ, ಅಂದರೆ ನೀರಿನ ಮೇಲೆ ಅಷ್ಟು ದಪ್ಪ ಪೆಟ್ರೋಲ್. ಅವರು ಕೋಲು ಮೂಸಿ ನೋಡಿದರು. ಮರುದಿನವೇ ಪೈಪ್ ಅಗೆಯಲು ಆಳು ಕಳಿಸಿದರು. ನನ್ನ ಒಟ್ಟು ಖರ್ಚು, ಸೋತದ್ದೂ ಸೇರಿ, 85 ಸಾವಿರ ದಾಟಲಿಲ್ಲ.