ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಕೇಸ್ ಫೈಲಿಗೆ ತಂದ ನನ್ನ ಅನುಭವ

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಇರುವುದು ಕೋರ್ಟಿಗೆ ಮತ್ತು ಜಿನೀವಾದಲ್ಲಿ ಕೂರುವ ಮಕ್ಕಳ ಹಕ್ಕುಗಳ ಸಮಿತಿಗೆ, ನಮ್ಮ ದಿನದ ಕೆಲಸಕ್ಕಲ್ಲ ಅಂತ ತಂಡದಲ್ಲಿ ಬಹಳ ಜನ ಹೇಳುತ್ತಿದ್ದರು. ಈಗ ಅವರೇ, ಆ ಒಡಂಬಡಿಕೆ ಇಟ್ಟುಕೊಂಡು ನಾನು ಮಾಡಿದ ಒಂದು ಪುಟದ ಫಾರಂ ತುಂಬುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ಮನೆಯಿಂದ ದೂರ ಇರಬೇಕಾಗಿ ಬಂದ ಮಕ್ಕಳ ಕೇಸ್ ನೋಡುವ ತಂಡಕ್ಕೆ ನಾನು ಮೇಲ್ವಿಚಾರಕಿ. ಮಗುವಿನ ಹಿತಕ್ಕೆ ಆದ್ಯತೆ ಕೊಡಿ ಅನ್ನುತ್ತದೆ ಒಡಂಬಡಿಕೆಯ 3ನೇ ವಿಧಿ; ಮಗುವಿಗೆ ತನ್ನ ಅಭಿಪ್ರಾಯ ಹೇಳುವ ಹಕ್ಕಿದೆ, ಅದಕ್ಕೆ ಬೆಲೆ ಕೊಡಿ ಅನ್ನುತ್ತದೆ 12ನೇ ವಿಧಿ. ಇದಕ್ಕಿಂತ ಹೆಚ್ಚು ಕೊರೆಯುವುದಿಲ್ಲ.

ಮೊದಲು ದುಡ್ಡಿನ ವಿಷಯ. ಒಂದು ವರ್ಷದ ತರಬೇತಿ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಒಂದೇ ಕಾರ್ಯಾಗಾರಕ್ಕೆ ಹೋಯಿತು. ಹೊರಗಿನ ತಜ್ಞರು ಬಂದು 54 ವಿಧಿಗಳನ್ನೂ ಸ್ಲೈಡಿನಲ್ಲಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೇ ವಾರ ಫೈಲುಗಳು ಹಾಗೇ ಇದ್ದವು. ಆಮೇಲೆ ಬಣ್ಣದ ಪೋಸ್ಟರ್ ಮಾಡಿಸಿದೆವು, ಅದಕ್ಕೂ ಖರ್ಚಾಯಿತು. ಪೋಸ್ಟರ್ ಗೋಡೆಯಲ್ಲೇ ಉಳಿಯಿತು.

ಮೂರನೆಯದು ಚೆಕ್‌ಲಿಸ್ಟ್. ಮಗುವಿನ ಹಿತ ತೂಗುವಾಗ ನೋಡಬೇಕಾದ ಏಳು ಅಂಶಗಳನ್ನು ಆ ಸಮಿತಿಯ 2013ರ 14ನೇ ಜನರಲ್ ಕಾಮೆಂಟ್ (ಒಡಂಬಡಿಕೆಯ ಅರ್ಥ ಬಿಡಿಸಿ ಹೇಳುವ ಟಿಪ್ಪಣಿ) ಹೇಳುತ್ತದಲ್ವಾ, ಅವನ್ನೇ ಒಡೆದು ಸುಮಾರು ನಲವತ್ತು ಪ್ರಶ್ನೆ ಮಾಡಿದ್ದೆವು. ಜನ ಕಣ್ಣು ಮುಚ್ಚಿಕೊಂಡು ಟಿಕ್ ಹಾಕಿದರು. ಯಾವ ಫೈಲ್ ತೆಗೆದರೂ ಒಂದೇ ಸಾಲು: ‘ಮಗುವಿನ ಅಭಿಪ್ರಾಯವನ್ನು ಪರಿಗಣಿಸಲಾಗಿದೆ.’ ಆ ಅಭಿಪ್ರಾಯ ಏನು ಅಂತ ಮಾತ್ರ ಎಲ್ಲೂ ಇಲ್ಲ.

ಅದೇ ಕಾಮೆಂಟನ್ನು ಮತ್ತೆ ಓದುವಾಗ ದಾರಿ ಸಿಕ್ಕಿತು. ಮಗುವಿನ ಹಿತ ಒಂದು ಹಕ್ಕು, ಒಂದು ತತ್ವ, ಜೊತೆಗೆ ಒಂದು ಕಾರ್ಯವಿಧಾನದ ನಿಯಮ ಅಂತ ಅದು ಹೇಳುತ್ತದೆ. ನಾವೆಲ್ಲ ಮೊದಲ ಎರಡರ ಮೇಲೇ ಭಾಷಣ ಮಾಡುತ್ತಿದ್ದೆವು. ಫೈಲ್ ಹಿಡಿದು ಕೆಲಸ ಮಾಡುವವರಿಗೆ ಬೇಕಾದದ್ದು ಮೂರನೆಯದು. ತೀರ್ಮಾನ ಮಗು ಹೇಳಿದ್ದಕ್ಕಿಂತ ಬೇರೆಯಾದರೆ ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕು ಅಂತಲೂ ಅಲ್ಲಿದೆ. ಮಗುವಿನ ಮಾತು ಕೇಳುವ ಬಗ್ಗೆ ಇರುವ 2009ರ 12ನೇ ಜನರಲ್ ಕಾಮೆಂಟಿನಲ್ಲಿ ಐದು ಹೆಜ್ಜೆಗಳಿವೆ: ಮಗುವನ್ನು ಸಿದ್ಧ ಮಾಡುವುದು, ಕೇಳುವುದು, ತೂಗುವುದು, ಏನಾಯಿತು ಅಂತ ತಿಳಿಸುವುದು, ದೂರಿಗೆ ದಾರಿ ಕೊಡುವುದು. ಇವೆರಡನ್ನೂ ಸೇರಿಸಿ ಒಂದೇ ಪುಟದಲ್ಲಿ ನಾಲ್ಕು ಕಾಲಂ ಮಾಡಿದೆ. ಮಗುವಿಗೆ ಮುಂಚೆ ಏನು ಹೇಳಿದಿರಿ. ಮಗು ಏನು ಹೇಳಿತು, ಅದರದೇ ಮಾತಿನಲ್ಲಿ. ನಿಮ್ಮ ತೀರ್ಮಾನ ಏನು, ಬೇರೆಯಾಗಿದ್ದರೆ ಯಾಕೆ. ವಾಪಸ್ ಹೋಗಿ ಮಗುವಿಗೆ ಯಾರು ಹೇಳಿದರು, ಒಪ್ಪಿಗೆ ಇಲ್ಲದಿದ್ದರೆ ಎಲ್ಲಿ ದೂರಬಹುದು ಅಂತ ತಿಳಿಸಿದರಾ. ನಾಲ್ಕೂ ತುಂಬದೆ ನಾನು ಸಹಿ ಹಾಕುವುದಿಲ್ಲ. ಅಷ್ಟೇ ವಿಧಾನ.

ಜಗಳ ಜೋರಾಗಿಯೇ ಆಯಿತು. ‘ಮಗು ಹೇಳಿದ ಹಾಗೇ ಮಾಡೋದಾದ್ರೆ ನಾವ್ಯಾಕೆ ಇರಬೇಕು ಮೇಡಂ?’ ಅಂದರು ಹಿರಿಯ ಸಹೋದ್ಯೋಗಿಯೊಬ್ಬರು. ಹಾಗೇ ಮಾಡಿ ಅಂತ ಯಾರೂ ಹೇಳಿಲ್ಲ ಸಾರ್, ಮಾಡದಿದ್ದರೆ ಕಾರಣ ಬರೆಯಿರಿ ಅಂದೆ.

ಆ ಕಾರಣದ ಕಾಲಮ್ಮೇ ನಿಜವಾದ ಕೆಲಸ ಮಾಡಿದ್ದು. ಒಂಬತ್ತು ವರ್ಷದ ಹುಡುಗನೊಬ್ಬ ಶಾಲೆ ಬದಲಿಸಬೇಡಿ ಅಂದಿದ್ದ. ವರದಿಯಲ್ಲಿ ಬದಲಾವಣೆ ಅವನ ಹಿತಕ್ಕೆ ಅಂತ ಇತ್ತು. ಕೇಸ್ ವರ್ಕರ್ ಯಾಕೆ ಅಂತ ಬರೆಯಲು ಕೂತಳು. ಕೈಯಲ್ಲಿದ್ದ ಕಾರಣ ಒಂದೇ, ನಮ್ಮ ವಾಹನ ಹೋಗುವ ದಾರಿಗೆ ಹೊಸ ಶಾಲೆ ಅನುಕೂಲ. ಅದನ್ನು ಬರೆಯಲಾಗದೆ ತೀರ್ಮಾನವನ್ನೇ ಬದಲಿಸಿದಳು. ನೆನಪಿನಿಂದ ಹೇಳುವುದಾದರೆ, ಮೊದಲ ಆರೇಳು ತಿಂಗಳಲ್ಲಿ ಹತ್ತರಲ್ಲಿ ಒಂದು ತೀರ್ಮಾನ ಹೀಗೆ ಬದಲಾಗಿರಬಹುದು. ಶುರುವಿನಲ್ಲಿ ಒಂದು ಕೇಸಿಗೆ ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತಿತ್ತು, ಈಗ ಕಾಲು ಗಂಟೆ. ದೂರುಗಳು ಹೆಚ್ಚಾದವು. ಮೇಲಿನವರು ಗಾಬರಿಯಾದರು, ನನಗೆ ಖುಷಿಯಾಯಿತು. ಮೊದಲು ದೂರೇ ಇರಲಿಲ್ಲ, ಯಾಕೆಂದರೆ ದೂರಬಹುದು ಅಂತ ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

ಎರಡನೇ ಕಾಲಂನಲ್ಲಿ ಕಳ್ಳಾಟ ಬಹಳ. ‘ನನ್ನ ಶೈಕ್ಷಣಿಕ ಭವಿಷ್ಯದ ದೃಷ್ಟಿಯಿಂದ’ ಅಂತ ಯಾವ ಏಳು ವರ್ಷದ ಮಗು ಹೇಳುತ್ತದೆ? ಅಂಥವನ್ನು ಮುಲಾಜಿಲ್ಲದೆ ವಾಪಸ್ ಕಳಿಸುತ್ತೇನೆ. ‘ಮಾತಾಡಲ್ಲ ಅಂದಿತು’ ಅಂತ ಬರೆದರೆ ಮಾತ್ರ ಒಪ್ಪುತ್ತೇನೆ. 12ನೇ ವಿಧಿ ಹಕ್ಕು, ಬಲವಂತವಲ್ಲ. ತೀರಾ ಚಿಕ್ಕವರಾದರೆ ಏನು ಬಿಡಿಸಿತು, ಯಾರನ್ನು ಬಿಟ್ಟಿರಲಿಲ್ಲ, ಹೇಗೆ ಆಡಿತು ಅಂತ ಬರೆದರೂ ಸರಿ.

ನಡುವೆ ಬೇರೆ ಪ್ರಯೋಗಗಳೂ ಆದವು. ನಗುಮುಖ, ಅಳುಮುಖದ ಕಾರ್ಡ್ ಕೊಟ್ಟು ನೋಡಿದೆವು. ಎದುರಿಗೆ ಕೇಸ್ ವರ್ಕರೇ ಕೂತಿದ್ದರೆ ಯಾವ ಮಗು ಅಳುಮುಖ ಆರಿಸುತ್ತದೆ? ಎಲ್ಲವೂ ನಗುಮುಖ. ರೆಕಾರ್ಡರ್ ಇಟ್ಟೆವು, ‘ಇದನ್ನ ಯಾರ್ಯಾರು ಕೇಳ್ತಾರೆ?’ ಅಂತ ಮಕ್ಕಳು ಕೇಳಿದರು. ಖಾಸಗಿತನದ ಹಕ್ಕು ಹೇಳುವ 16ನೇ ವಿಧಿಯನ್ನು ಅವರೇ ನಮಗೆ ನೆನಪಿಸಿದ ಹಾಗಾಯಿತು, ತೆಗೆದಿಟ್ಟೆವು. ಲಾಭ ಕೊಟ್ಟದ್ದು ಖರ್ಚೇ ಇಲ್ಲದ ಒಂದು ಬದಲಾವಣೆ. ನಮಗೆ ಬಿಡುವು ಅಂತ ಆಟದ ಹೊತ್ತಿನಲ್ಲೇ ಮಕ್ಕಳನ್ನು ಕರೆಯುತ್ತಿದ್ದೆವು. ಹೂಂ, ಇಲ್ಲ, ಗೊತ್ತಿಲ್ಲ ಬಿಟ್ಟರೆ ಉತ್ತರ ಇರಲಿಲ್ಲ. ಆಟದ ಹಕ್ಕು 31ನೇ ವಿಧಿಯಲ್ಲಿದೆ ಅನ್ನುವುದು ಹಾಗಿರಲಿ, ಆಟ ಬಿಡಿಸಿ ಕರೆದರೆ ಯಾರು ಮಾತಾಡುತ್ತಾರೆ? ಹೊತ್ತು ಬದಲಿಸಿದೆವು, ಉತ್ತರ ಉದ್ದವಾಯಿತು.

ಮಾತು ಶುರು ಮಾಡಲು ನಾನು ಕೇಳುವ ಮೊದಲ ಪ್ರಶ್ನೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅದೂ ಫಾರಂ ಸೇರುತ್ತದೆ, ನಾಡಿದ್ದು ಸಾಯುತ್ತದೆ. ಪಕ್ಕದಲ್ಲಿ ಕೂತು ನೋಡುವವರಿಗೆ ತೋರಿಸುತ್ತೇನೆ.

ಈ ಪುಟಕ್ಕೆ ಆದ ಖರ್ಚು ಜೆರಾಕ್ಸ್ ಮಾತ್ರ. ಉಳಿದ ತರಬೇತಿ ಹಣವನ್ನು ಬೇರೆ ಭಾಷೆಯ ಮತ್ತು ಕಿವಿ ಕೇಳದ ಮಕ್ಕಳಿಗೆ ದುಭಾಷಿಗಳನ್ನು ಕರೆಸಲು ತಿರುಗಿಸಿದೆ. ಅದಿನ್ನೂ ಸಾಲುತ್ತಿಲ್ಲ. ಈಗ ಫಾರಂ ಅನ್ನು ಕಂಪ್ಯೂಟರಿಗೆ ಹಾಕುವ ಮಾತು ನಡೆದಿದೆ. ಹಾಕಲಿ, ಆದರೆ ಎರಡನೇ ಕಾಲಂಗೆ ಆಯ್ಕೆಯ ಪಟ್ಟಿ ಇಡಬೇಡಿ ಅಂತ ಹಟ ಹಿಡಿದಿದ್ದೇನೆ. ಮುಂದಿನ ವಾರ ಮತ್ತೆ ಮೀಟಿಂಗ್ ಇದೆ.