ಪ್ಲೇಸ್ಟೇಷನ್ 2ಕ್ಕೆ ಗನ್‌ಕಾನ್ 2 ಜೋಡಿಸುವ ಬಗೆ

ಪ್ಲೇಸ್ಟೇಷನ್ 2 ಎಂಬ ಹಳೇ ಗೇಮ್ ಕನ್ಸೋಲಿನಲ್ಲಿ (ಟಿವಿಗೆ ಜೋಡಿಸಿ ಆಡುವ ಆಟದ ಯಂತ್ರ) ಟೈಮ್ ಕ್ರೈಸಿಸ್ 2 ಎಂಬ ಗುಂಡು ಹಾರಿಸುವ ಆಟ ಆಡಲು ಗನ್‌ಕಾನ್ 2 ಎಂಬ ಆಟದ ಗನ್ ತಂದು ಗೋಡೆಯ ಮೇಲಿನ ಎಲ್‌ಇಡಿ ಟಿವಿಯ ಮುಂದೆ ನಿಂತರೆ ಒಂದು ಗುಂಡೂ ತಾಗುವುದಿಲ್ಲ. ಗನ್ ಕೆಟ್ಟಿಲ್ಲ, ಅದಕ್ಕೆ ಪಿಕ್ಚರ್ ಟ್ಯೂಬಿನ ಹಳೇ ಡಬ್ಬಾ ಟಿವಿಯೇ ಬೇಕು.

ಟ್ಯೂಬ್ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತದೆ. ನಮ್ಮಲ್ಲಿನ ಟಿವಿ ಸಂಕೇತದ ಪಾಲ್ (PAL) ಪದ್ಧತಿಯಲ್ಲಿ ಒಂದು ಗೆರೆಗೆ 64 ಮೈಕ್ರೊಸೆಕೆಂಡ್, ಪರದೆಯ ಮೇಲೆ ಸೆಕೆಂಡಿಗೆ 50 ಓಟ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಮಾತ್ರ ಬೆಳ್ಳಗಾಗುತ್ತದೆ. ಚಿತ್ರ ಸಾಗಿಸುವ ಹಳದಿ ವೈರಿನಲ್ಲಿ ಬರುವ, ಕಿರಣದ ಓಟ ಶುರುವಾಯಿತೆಂದು ತಿಳಿಸುವ ಸಿಂಕ್ ಸಂಕೇತದಿಂದ ಹಿಡಿದು ನಳಿಕೆಯೊಳಗಿನ ಸೆನ್ಸರ್‌ಗೆ ಕಿರಣ ಕಾಣುವವರೆಗೆ ಎಷ್ಟು ಹೊತ್ತಾಯಿತು ಎಂಬುದರ ಮೇಲೆ ನಿಮ್ಮ ಗುರಿ ಎಲ್ಲಿತ್ತೆಂದು ಗೊತ್ತಾಗುತ್ತದೆ. ಎಲ್‌ಇಡಿ ಪರದೆಯಲ್ಲಿ ಓಡುವ ಕಿರಣವೇ ಇಲ್ಲ. ಹಾಗಾಗಿ ಕನ್ಸೋಲನ್ನು ಹೊಸ ಟಿವಿಗೆ ಜೋಡಿಸಲೆಂದು ಎಚ್‌ಡಿಎಂಐ ಕನ್ವರ್ಟರ್ ಕೊಂಡರೆ ದುಡ್ಡು ದಂಡ. 100 ಹರ್ಟ್ಸ್‌ನ ಟ್ಯೂಬ್ ಟಿವಿಯೂ ಬೇಡ: ಅದು ಚಿತ್ರವನ್ನು ಹಿಡಿದಿಟ್ಟುಕೊಂಡು ದುಪ್ಪಟ್ಟು ವೇಗದಲ್ಲಿ ಬಿಡಿಸುವುದರಿಂದ ಹೊತ್ತಿನ ಲೆಕ್ಕ ತಪ್ಪುತ್ತದೆ. 21 ಇಂಚಿನ ಸಾದಾ ಟಿವಿ ಧಾರಾಳ ಸಾಕು. ಪಾಲ್ ಕನ್ಸೋಲಿಗೆ ಪಾಲ್ ಡಿಸ್ಕನ್ನೇ ಕೊಳ್ಳಿ.

ಗನ್ನಿನಿಂದ ಎರಡು ತುದಿ ಹೊರಡುತ್ತವೆ. ಯುಎಸ್‌ಬಿ ತುದಿ ಕನ್ಸೋಲಿನ ಮುಂಭಾಗಕ್ಕೆ. ಹಳದಿ ತುದಿಯನ್ನು ಟಿವಿಯ ಹಳದಿ ಎವಿ ಕಿಂಡಿಗೆ ಹಾಕಿ, ಕನ್ಸೋಲಿನಿಂದ ಬರುವ ಹಳದಿ ಪಿನ್ನನ್ನು ಅದರ ಬೆನ್ನಿಗೆ ಸಿಕ್ಕಿಸಿ. ಧ್ವನಿಯ ಬಿಳಿ, ಕೆಂಪು ಪಿನ್‌ಗಳು ನೇರವಾಗಿ ಟಿವಿಗೆ. ಇಬ್ಬರು ಆಡುವುದಾದರೆ ಎರಡನೇ ಗನ್ನಿನ ಹಳದಿ ಪಿನ್ನನ್ನೂ ಹೀಗೇ ಒಂದರ ಬೆನ್ನಿಗೊಂದು ಸೇರಿಸಬೇಕು. ಹತ್ತರಲ್ಲಿ ಒಂಬತ್ತು ಸಲ ಜನ ಎಡವುವುದು ಈ ಹಳದಿ ಪಿನ್ನಿನಲ್ಲೇ: ಬಟನ್‌ಗಳೆಲ್ಲ ಕೆಲಸ ಮಾಡುತ್ತವೆ, ಗುಂಡು ಮಾತ್ರ ಹಾರುವುದಿಲ್ಲ ಎಂದಾದರೆ ಮೊದಲು ಅದನ್ನೇ ನೋಡಿ.

21 ಇಂಚಿಗೆ ಸುಮಾರು ಒಂದೂವರೆ ಮೀಟರ್ ದೂರ ನಿಲ್ಲಿ. ಆಟದ ಆಯ್ಕೆಗಳಲ್ಲಿ ಕ್ಯಾಲಿಬ್ರೇಷನ್, ಅಂದರೆ ಗನ್ನಿನ ಗುರಿ ಸರಿಹೊಂದಿಸುವ ವ್ಯವಸ್ಥೆ, ಇದೆ. ಆಡುವ ಜಾಗದಲ್ಲೇ, ಆಡುವ ಭಂಗಿಯಲ್ಲೇ ನಿಂತು ಗುರಿಗೆ ಹೊಡೆಯಿರಿ. ಸೋಫಾದಲ್ಲಿ ಕೂತು ಕ್ಯಾಲಿಬ್ರೇಟ್ ಮಾಡಿ ಆಮೇಲೆ ಎದ್ದು ನಿಂತರೆ ಎಲ್ಲ ಗುಂಡೂ ಒಂದೇ ಕಡೆ ವಾಲುತ್ತವೆ. ಕತ್ತಲೆಯ ದೃಶ್ಯಗಳಲ್ಲಿ ಏಟು ಬೀಳದಿದ್ದರೆ ಟಿವಿಯ ಬ್ರೈಟ್‌ನೆಸ್ ಏರಿಸಿ. ಟ್ಯೂಬ್‌ಲೈಟ್ ಪರದೆಯ ಗಾಜಿನಲ್ಲಿ ಪ್ರತಿಫಲಿಸುತ್ತಿದ್ದರೆ ಆರಿಸಿಬಿಡಿ.

ಆರ್ಕೇಡಿನಲ್ಲಿ (ಕಾಸು ಹಾಕಿ ಆಡುವ ಗೇಮ್ ಅಂಗಡಿಯಲ್ಲಿ) ಕಾಲಿನ ಪೆಡಲ್ ಒತ್ತಿದರೆ ಮರೆಯಿಂದ ಹೊರಬರುವುದು, ಬಿಟ್ಟರೆ ಅಡಗಿ ಗುಂಡು ತುಂಬಿಕೊಳ್ಳುವುದು. ಮನೆಯಲ್ಲಿ ಆ ಕೆಲಸ ಗನ್ನಿನ ಬಟನ್ನಿಗೆ. ಅದು ಟ್ರಿಗರ್ ಬೆರಳಿಗೆ ಅಡ್ಡವಾಗದಂತೆ ಎರಡನೇ ಕೈಯಿಂದ ಒತ್ತಿ ಅಭ್ಯಾಸ ಮಾಡಿಕೊಳ್ಳಿ. ಈ ಆಟದ ಜೀವ ಇರುವುದೇ ಆ ಅಡಗುವಿಕೆಯಲ್ಲಿ.

ಡಬ್ಬಾ ಟಿವಿ ಸಿಗಲೇ ಇಲ್ಲವೆಂದರೆ ನಿಂಟೆಂಡೊ ವೀ ಕನ್ಸೋಲ್, ಜೊತೆಗೆ 2008ರ ದಿ ಹೌಸ್ ಆಫ್ ದಿ ಡೆಡ್ 2 ಆ್ಯಂಡ್ 3 ರಿಟರ್ನ್ ಎಂಬ ಗುಂಡಿನ ಆಟ ಒಳ್ಳೆಯ ಆಯ್ಕೆ. ಎಲ್‌ಇಡಿ ಟಿವಿಯಲ್ಲೂ ನಡೆಯುತ್ತದೆ. ಟಿವಿಯ ಬಳಿ ಇಡುವ ವೀಯ ಸೆನ್ಸರ್ ಬಾರ್ ಎಂಬ ಪಟ್ಟಿ ಹೆಸರಿಗಷ್ಟೇ ಸೆನ್ಸರ್. ಅದರೊಳಗಿರುವುದು ಎರಡು ತುದಿಯ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ದೀಪಗಳು, ನೋಡುವ ಕ್ಯಾಮೆರಾ ಇರುವುದು ರಿಮೋಟಿನಲ್ಲಿ. ಬಿಸಿಲು, ಉರಿಯುವ ಬತ್ತಿ ಕೂಡ ಆ ಕ್ಯಾಮೆರಾದ ಕಣ್ಣಿಗೆ ಇನ್‌ಫ್ರಾರೆಡ್ ದೀಪವೇ. ಟಿವಿಯ ಪಕ್ಕದಲ್ಲಿ ದೇವರ ದೀಪ ಉರಿಯುತ್ತಿದ್ದರೆ ಗುರಿ ಎಲ್ಲೆಲ್ಲಿಗೋ ಜಿಗಿಯುತ್ತದೆ. ಆಟದ ಹೊತ್ತಿಗೆ ಟಿವಿಯನ್ನೇ ಬೇರೆ ಗೋಡೆಗೆ ಸರಿಸಿ.