ಕಾರಿನ ಟ್ರಾನ್ಸ್‌ಫರ್ ಕೇಸ್ ಕೆಟ್ಟಾಗ ನನ್ನ ಕೈಹಿಡಿದ ಇ-ಮೇಲ್

ಬೇಲೂರು ದಾಟಿ ಮೂಡಿಗೆರೆಯ ತೋಟದ ಕಡೆಗೆ ಹೋಗುತ್ತಿದ್ದಾಗ, ಗಂಟೆಗೆ 40-50 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರಿನ ತಳದಿಂದ ಅದುರು ಬರಲಾರಂಭಿಸಿತು. ರಸ್ತೆಗೆ ಅಡ್ಡಲಾಗಿ ಬಳಿದ ದಪ್ಪ ಬಿಳಿ ಪಟ್ಟಿಗಳ ಮೇಲೆ ಹೋದಾಗ ಆಗುವಂಥದೇ ಅದುರು, ಆದರೆ ಆ ರಸ್ತೆಯಲ್ಲಿ ಪಟ್ಟಿಗಳೇ ಇರಲಿಲ್ಲ. 72 ಲಕ್ಷ ರೂಪಾಯಿ ಕೊಟ್ಟು ಕೊಂಡಿದ್ದ ಆ ಎಸ್‌ಯುವಿ ಆಗ 41,000 ಕಿಲೋಮೀಟರ್ ಓಡಿತ್ತು. ವಾರಂಟಿ ಮುಗಿಯಲು ಇನ್ನೂ ಎಂಟು ತಿಂಗಳಿತ್ತು.

ಬೆಂಗಳೂರಿನ ಸರ್ವಿಸ್ ಸೆಂಟರಿನಲ್ಲಿ ಅಡ್ವೈಸರ್ ಒಂದು ಸುತ್ತು ಓಡಿಸಿ, "ಏನೂ ತೊಂದರೆ ಕಾಣುತ್ತಿಲ್ಲ ಸರ್" ಎಂದರು. ಜಾಬ್ ಕಾರ್ಡಿನಲ್ಲಿ ಬರೆದದ್ದು 'ಜನರಲ್ ಚೆಕ್‌ಅಪ್' ಎಂದು ಮಾತ್ರ. ಅಂದು ರಾತ್ರಿ ನಾನು ಅದುರು ಬರುವ ವೇಗ, ಮೀಟರಿನ ಓದು ಮತ್ತು ದಿನಾಂಕವನ್ನು ಬರೆದು, ಅದುರು ಕೇಳಿಸುವ ವಿಡಿಯೊ ಸೇರಿಸಿ, ಡೀಲರಿಗೂ ತಯಾರಕರಿಗೂ ಇ-ಮೇಲ್ ಕಳುಹಿಸಿದೆ. ದೋಷ ವಾರಂಟಿಯೊಳಗೇ ಕಂಡಿತ್ತೆನ್ನಲು ಮುಂದೆ ನನ್ನ ಬಳಿ ಉಳಿದ ಗಟ್ಟಿ ಆಧಾರ ಅದೊಂದೇ.

ವಾರಂಟಿ ಮುಗಿದ ಎರಡನೇ ತಿಂಗಳಲ್ಲಿ ಅದುರು ವಿಪರೀತವಾಗಿ, ಡ್ಯಾಶ್‌ಬೋರ್ಡಿನಲ್ಲಿ ಡ್ರೈವ್‌ಟ್ರೇನಿನ ಎಚ್ಚರಿಕೆ ಬಂತು. ಎಂಜಿನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಪೂರ್ತಿ ಬದಲಿಸಬೇಕೆಂದು 4,80,000 ರೂಪಾಯಿಯ ಎಸ್ಟಿಮೇಟ್ ಕೊಟ್ಟರು. ವಾರಂಟಿ ಮುಗಿದಿರುವುದರ ಜೊತೆಗೆ, ಟೈರುಗಳು ಸಮನಾಗಿಲ್ಲದ್ದರಿಂದ ಹೀಗಾಗಿದೆ, ತಪ್ಪು ನಿಮ್ಮದೇ ಎಂಬ ಷರಾ ಕೂಡ ಅದರಲ್ಲಿತ್ತು.

ಟೈರಿನ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನನ್ನ ಕಾರಿನಂಥ ಟ್ರಾನ್ಸ್‌ಫರ್ ಕೇಸಿನೊಳಗೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳಿರುತ್ತವೆ. ಮುಂದೆ 8 ಮಿಲಿಮೀಟರ್ ಆಳದ ಗೀರಿನ ಹೊಸ ಟೈರು, ಹಿಂದೆ 4 ಮಿಲಿಮೀಟರಿಗೆ ಸವೆದ ಹಳೆಯ ಟೈರು ಇದ್ದರೆ ಸುತ್ತಳತೆಯಲ್ಲಿ ಸುಮಾರು 25 ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಅಂದರೆ ಪ್ರತಿ ಕಿಲೋಮೀಟರಿಗೆ ಹಿಂದಿನ ಚಕ್ರ ನಾಲ್ಕೈದು ಸುತ್ತು ಹೆಚ್ಚು ತಿರುಗಬೇಕು. ಆ ವ್ಯತ್ಯಾಸವನ್ನೆಲ್ಲ ಕ್ಲಚ್ ಪ್ಲೇಟುಗಳು ಜಾರಿ ಜಾರಿಯೇ ನುಂಗಬೇಕಾಗುತ್ತದೆ, ಅದರಿಂದ ಎಣ್ಣೆ ಕಾದು ಕಪ್ಪಾಗುತ್ತದೆ. ಆದರೆ ನಾನು ನಾಲ್ಕೂ ಟೈರುಗಳನ್ನು ಒಂದೇ ದಿನ ಬದಲಿಸಿದ ಬಿಲ್ ಇತ್ತು. ವರ್ಕ್‌ಶಾಪ್ ಮ್ಯಾನೇಜರ್ ಎದುರಿನಲ್ಲೇ ಗೇಜ್ ಇಟ್ಟು ಅಳೆದೆವು. ನಾಲ್ಕರ ನಡುವಿನ ವ್ಯತ್ಯಾಸ 1 ಮಿಲಿಮೀಟರನ್ನೂ ದಾಟಲಿಲ್ಲ. ಆ ಅಳತೆಯನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಆಮೇಲೆ ಎಣ್ಣೆ ಸುಟ್ಟಿದೆ ಎಂದರು. ಅವರದೇ ಸರ್ವಿಸ್ ಪುಸ್ತಕದಲ್ಲಿ ಆ ಎಣ್ಣೆಯನ್ನು ಬದಲಿಸಬೇಕೆಂಬ ಸಾಲೇ ಇರಲಿಲ್ಲ. ವಾಹನದ ಆಯುಷ್ಯವಿಡೀ ಸಾಕು ಎಂಬುದು ಅವರ ಲೆಕ್ಕ. ಬದಲಿಸಬೇಕಿಲ್ಲವೆಂದು ತಾವೇ ಲೆಕ್ಕಹಾಕಿದ ಎಣ್ಣೆ ಹಾಳಾದುದಕ್ಕೆ ಗ್ರಾಹಕನನ್ನು ದೂರುವುದು ನನಗೆ ಇಂದಿಗೂ ನೋವಿನ ಸಂಗತಿ.

ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ ಮೇಲೆ ವಕೀಲರನ್ನು ಕಂಡೆ. ಕಾರು ನಮ್ಮ ಕಾಫಿಪುಡಿ ಕಂಪನಿಯ ಹೆಸರಿನಲ್ಲಿದ್ದುದರಿಂದ, ವಾಣಿಜ್ಯ ಬಳಕೆ ಎಂದು ದೂರು ತಿರಸ್ಕೃತವಾದೀತೆಂಬ ಭಯವಿತ್ತು. ನಿರ್ದೇಶಕರ ಬಳಕೆಗಾಗಿ ಕಂಪನಿಯೊಂದು ಕೊಂಡ ಐಷಾರಾಮಿ ಕಾರನ್ನು, ಅಷ್ಟರಿಂದಲೇ ವಾಣಿಜ್ಯ ಉದ್ದೇಶದ್ದೆಂದು ಹೇಳಲಾಗದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪಿತ್ತಿರುವುದನ್ನು ಅವರು ತೋರಿಸಿದರು. ಕೊಟ್ಟ ಬೆಲೆ 50 ಲಕ್ಷ ಮೀರಿದ್ದರಿಂದ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕಿತ್ತು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವೂ ಇತ್ತು. ತಯಾರಕರಿಗೆ ಕಳುಹಿಸಿದ ನೋಟಿಸಿನ ಮೊದಲ ಪುಟದಲ್ಲೇ ವಕೀಲರು ನನ್ನ ಹಳೆಯ ಇ-ಮೇಲನ್ನು ಉಲ್ಲೇಖಿಸಿ, ದೋಷ ವಾರಂಟಿಯೊಳಗೇ ವರದಿಯಾಗಿತ್ತೆಂದು ಬರೆದರು.

ಆಯೋಗದ ಮೆಟ್ಟಿಲು ಹತ್ತುವ ಅಗತ್ಯ ಬೀಳಲಿಲ್ಲ. ಐದು ತಿಂಗಳ ಓಡಾಟದ ನಂತರ ಬಿಡಿಭಾಗದ ಪೂರ್ತಿ ವೆಚ್ಚವನ್ನು ತಯಾರಕರು ಹೊತ್ತರು. ಎಣ್ಣೆ ಮತ್ತು ಕೂಲಿಯನ್ನು ನಾನು ಕೊಟ್ಟೆ. ಹೊಸ ಟ್ರಾನ್ಸ್‌ಫರ್ ಕೇಸಿನ ವಾರಂಟಿ ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡಿದ್ದೇನೆ. ಪುಸ್ತಕ ಏನೇ ಹೇಳಲಿ, ಅದರ ಎಣ್ಣೆಯನ್ನು 50,000 ಕಿಲೋಮೀಟರಿಗೆ ಬದಲಿಸುವುದೆಂದು ನಿರ್ಧರಿಸಿದ್ದೇನೆ. ಈಗ 22,000 ಆಗಿದೆ.